ಯೂನಿಫಾರ್ಮ್ ಅಕ್ಕನ ಒಳಮಡಿಕೆ

ಬೀದಿ ದೀಪಗಳು ಇನ್ನೂ ಆರಿಲ್ಲ. ತಿರುವಿನಲ್ಲಿ ಹಾಲಿನ ವ್ಯಾನು ನಿಂತು ಕ್ರೇಟುಗಳನ್ನು ದಡಬಡ ಇಳಿಸುತ್ತಿದೆ. ಮೂರು ಅಂತಸ್ತಿನ ಹಳೆಯ ಕಟ್ಟಡದಲ್ಲಿ ಕೆಳಗಿನ ಮನೆಯ ಕಿಟಕಿಯೊಂದರಲ್ಲಿ ಮಾತ್ರ ಬೆಳಕಿದೆ. ಅದರ ಹಿಂದೆ ಹೊಲಿಗೆ ಮಿಷನ್ನು ಒಂದಿಷ್ಟು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಅದು ನಿಂತಾಗಲೆಲ್ಲ ಒಂದು ಕಾಲರು ಮುಗಿಯಿತು ಎಂದು ಅರ್ಥ.

ಒಳಗೆ ಕಾಲಿಡಲು ಜಾಗವಿಲ್ಲ. ಮಂಚದ ಮೇಲೆ ಬೂದು ಸ್ಕರ್ಟುಗಳ ರಾಶಿ, ಕುರ್ಚಿಯ ಬೆನ್ನಿಗೆ ಬಿಳಿ ಅಂಗಿಗಳು, ಫ್ರಿಜ್ಜಿನ ತಲೆಯ ಮೇಲೆ ಮಡಚಿಟ್ಟ ಪ್ಯಾಂಟುಗಳು. ಸ್ಕೂಲು ಶುರುವಾಗುವ ಹೊತ್ತಿಗೆ ಈ ಮನೆಯಲ್ಲಿ ಮನುಷ್ಯರಿಗಿಂತ ಯೂನಿಫಾರ್ಮಿಗೇ ಮರ್ಯಾದೆ ಹೆಚ್ಚು. ಮಿಷನ್ನಿನ ಮುಂದಿನ ಅಕ್ಕ "ಕೂತ್ಕೊಳ್ಳಿ" ಎಂದು ಹೇಳಿ, ಎಲ್ಲಿ ಕೂರಿಸುವುದೆಂದು ತಾವೇ ಹುಡುಕುತ್ತಾರೆ, ನಾನೂ ಹುಡುಕುತ್ತೇನೆ. ಕೊನೆಗೆ ಬಟ್ಟೆಯ ಥಾನಿನ ಮೇಲೆ ಕೂರುತ್ತೇನೆ. ಕೂತ ಮರುಗಳಿಗೆಯೇ ಅವರ ಕಣ್ಣು ನನ್ನ ತೋಳಿನ ಮೇಲೆ ಬೀಳುತ್ತದೆ. ಕತ್ತರಿ ಹಿಡಿದು ಎದ್ದು ಬಂದು, ಹೇಳದೆ ಕೇಳದೆ, ನನ್ನ ಅಂಗಿಯ ತುದಿಯಲ್ಲಿ ಜೋತಾಡುತ್ತಿದ್ದ ದಾರವನ್ನು ಕಚಕ್ಕನೆ ಕತ್ತರಿಸುತ್ತಾರೆ.

"ತಪ್ಪು ತಿಳ್ಕೋಬೇಡಿ. ದಾರ ಕಂಡ್ರೆ ನನ್ ಕೈ ಸುಮ್ನಿರಲ್ಲ. ಒಂದ್ಸಲ ಬಸ್ಸಲ್ಲಿ ಮುಂದಿನ ಸೀಟಿನವರ ಕಾಲರ್ ದಾರ ಕೀಳಕ್ಕೆ ಹೋಗಿ, ಅವ್ರು ನನ್ನ ಸರಗಳ್ಳಿ ಅಂದ್ಕೊಂಡು ಕೂಗಾಡಿಬಿಟ್ರು. ಬಸ್ಸು ಬೇರೆ ನಮ್ಮನೆಯವರದ್ದೇ. ಅವ್ರು ನಾನು ಯಾರೋ ಗೊತ್ತೇ ಇಲ್ಲ ಅನ್ನೋ ಥರ ಮುಂದಕ್ಕೆ ಹೋಗ್ಬಿಟ್ರು!"

ಬಾಗಿಲ ಬಳಿ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವ ಪತಿ, ಅಂದರೆ ಮೊದಲ ಬಸ್ಸಿನ ಕಂಡಕ್ಟರು, ಇದನ್ನು ಅಲ್ಲಗಳೆಯುವುದಿಲ್ಲ. "ಡ್ಯೂಟಿ ಮೇಲೆ ಸಂಬಂಧಿಕರು ಇರಬಾರ್ದು" ಎಂದು ಹೇಳಿ ಚೀಲ ಹೆಗಲಿಗೇರಿಸುತ್ತಾರೆ.

ಬೀದಿಗೆಲ್ಲ ಇವರು ಯೂನಿಫಾರ್ಮ್ ಅಕ್ಕ. ಮುಖ್ಯರಸ್ತೆಯ ದೊಡ್ಡ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಇವರ ಕೈಯ ಬಟ್ಟೆ ತೊಟ್ಟೇ ಬೆಳೆದವರು. ಮದುವೆಯಾಗಿ ಬಂದಾಗ ಇವರಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ, ಕಲಿಸಿದವರು ಅತ್ತೆ. ಈಗ ಅತ್ತೆಯ ಕಣ್ಣು ಮಂಜಾಗಿದೆ. ಆದರೂ ಮೂಲೆಯ ಮಣೆ ಬಿಟ್ಟುಕೊಟ್ಟಿಲ್ಲ, ಬೆರಳಲ್ಲೇ ತಡವಿ ಗುಂಡಿ ಹಚ್ಚುತ್ತಾರೆ. ಸುಗ್ಗಿಯ ದಿನಗಳಲ್ಲಿ ಇಬ್ಬರೂ ಸೇರಿ ಬೆಳಗಿನಿಂದ ಸಂಜೆಯವರೆಗೆ ಹತ್ತು ಹನ್ನೆರಡು ಜೊತೆ ಮುಗಿಸುತ್ತಾರೆ. ಉಳಿದ ತಿಂಗಳುಗಳಲ್ಲಿ ಪರದೆ, ದಿಂಬಿನ ಕವರು, ಹರಿದದ್ದು, ಬಿಗಿಯಾದದ್ದು. ಅಕ್ಕನ ಬೆನ್ನು ಕೂತರೆ ನೋಯುತ್ತದೆ, ಎದ್ದರೆ ಇನ್ನೂ ಹೆಚ್ಚು ನೋಯುತ್ತದೆ. "ಅದಕ್ಕೇ ಕೂತೇ ಇರ್ತೀನಿ" ಎಂದು ನಗುತ್ತಾರೆ.

ಇವರು ಹೊಲಿದ ಸ್ಕರ್ಟು ಅಂಗಡಿಯ ಸ್ಕರ್ಟಿಗಿಂತ ತುಸು ಭಾರ. ಕಾರಣ ಅಂಚಿನ ಒಳಗಿದೆ. ಅಂಗಡಿಯವರು ಎರಡು ಬೆರಳಿನಷ್ಟು ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದರೆ ಇವರು ಅಂಗೈ ಅಗಲ ಮಡಚುತ್ತಾರೆ. ಸೊಂಟದಲ್ಲೂ ಪಕ್ಕಗಳಲ್ಲೂ ಹೀಗೆಯೇ ಧಾರಾಳ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಬಟ್ಟೆ ಇಳಿಸಿಕೊಂಡರೆ ಅದೇ ಸ್ಕರ್ಟು ಇನ್ನೊಂದೆರಡು ವರ್ಷ ನಡೆಯುತ್ತದೆ. ಇದಕ್ಕೆ ಅವರು ಇಟ್ಟಿರುವ ಹೆಸರು ಒಳಮಡಿಕೆ. "ಇವಳಿಗೆ ವ್ಯಾಪಾರ ಗೊತ್ತಿಲ್ಲ" ಎನ್ನುತ್ತಾರೆ ಕಂಡಕ್ಟರು. "ವರ್ಷಾ ವರ್ಷಾ ಬರೋ ಗಿರಾಕಿನ ಎರಡು ವರ್ಷಕ್ಕೊಂದ್ಸಲ ಬರೋ ಹಾಗೆ ಮಾಡ್ಕೊಂಡಿದ್ದಾಳೆ."

ನಾನು ಬಂದದ್ದು ಈ ಹೊಲಿಗೆಯ ಬಗ್ಗೆ ಬರೆಯಲು. ಆದರೆ ಎರಡನೇ ಲೋಟ ಚಹಾದ ಹೊತ್ತಿಗೆ ಮಾತು ಮಗಳ ಕಡೆಗೆ ತಿರುಗಿತು. ಊರಿಗೆಲ್ಲ ಸ್ಕೂಲಿನ ಬಟ್ಟೆ ಹೊಲಿಯುವ ಅಕ್ಕ ತಮ್ಮ ಮಗಳನ್ನು ಯೂನಿಫಾರ್ಮೇ ಇಲ್ಲದ ಒಂದು ಸಣ್ಣ ಶಾಲೆಗೆ ಕಳಿಸುತ್ತಾರೆ ಎಂದು ತಿಳಿದಾಗ ನಾನು ಚಹಾ ಕೆಳಗಿಟ್ಟೆ.

ಒಬ್ಬಳೇ ಮಗಳು. ಹುಟ್ಟಿದ ದಿನ ಆಸ್ಪತ್ರೆಯ ಚಾವಣಿ ಹಾರಿಹೋಗುವ ಹಾಗೆ ಅತ್ತಳಂತೆ. ಅಪ್ಪ ಅಂದೇ 'ಪಿಟೀಲು' ಎಂದು ಕರೆದರು, ಅದೇ ನಿಂತುಹೋಯಿತು. ಮಾತು ಬಂದ ಮೇಲೆ ಪ್ರಶ್ನೆಗಳು ಶುರುವಾದವು. ಸೂಜಿಗೆ ಒಂದೇ ಕಣ್ಣು ಯಾಕೆ? ಬಸ್ಸುಗಳು ಮಲಗೋದು ಎಲ್ಲಿ? ಅಜ್ಜಿಯ ಹಲ್ಲು ರಾತ್ರಿ ಲೋಟದಲ್ಲಿ ಕೂತು ಏನು ಮಾಡುತ್ತೆ? "ನನ್ ಬಸ್ಸಲ್ಲಿ ಪ್ರಶ್ನೆಗೂ ಟಿಕೆಟ್ ಇದ್ದಿದ್ರೆ ನಾನು ಇಷ್ಟೊತ್ತಿಗೆ ಬಸ್ಸೇ ತಗೋತಿದ್ದೆ" ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದರು.

ಎಂಟನೇ ಕ್ಲಾಸಿನ ನಡುವೆ ಈ ಪಿಟೀಲು ನಿಂತಿತು. ಮೊದಲು ಪ್ರಶ್ನೆಗಳು ನಿಂತವು, ಆಮೇಲೆ ಮಾತು. ದಿನಾ ಬೆಳಗ್ಗೆ ಹೊಟ್ಟೆ ನೋವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಎಂದರು. ಆಗ ಅವಳು ಓದುತ್ತಿದ್ದ ಮುಖ್ಯರಸ್ತೆಯ ದೊಡ್ಡ ಶಾಲೆಯಲ್ಲಿ ಯಾರೂ ಅವಳನ್ನು ಹೊಡೆದಿರಲಿಲ್ಲ, ಆಡಿಕೊಂಡಿರಲಿಲ್ಲ. ಅವಳು ನಿಧಾನದ ಹುಡುಗಿ, ಅಷ್ಟೆ. ಒಂದು ಲೆಕ್ಕದ ಒಳಕ್ಕೆ ಅವಳು ಇಳಿಯುವಷ್ಟರಲ್ಲಿ ಬೆಲ್ಲು ಹೊಡೆದು ಇತಿಹಾಸ ಬರುತ್ತಿತ್ತು, ಇತಿಹಾಸಕ್ಕೆ ಕಿವಿ ಕೊಡುವಷ್ಟರಲ್ಲಿ ಮತ್ತೆ ಬೆಲ್ಲು. ಇದೆಲ್ಲ ಅವಳು ಹೇಳಿದ್ದು ಎಷ್ಟೋ ಕಾಲದ ನಂತರ. ಆಗ ಮನೆಯವರಿಗೆ ಕಂಡದ್ದು ಬೂಟು ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ, ಮೆಟ್ಟಿಲ ಮೇಲೆ ಕೂತು ಏಳದ ಹುಡುಗಿ ಮಾತ್ರ.

"ಮುದ್ದು ಮಾಡಿದ್ದಾಯ್ತು, ಬೈದಿದ್ದಾಯ್ತು. ಒಂದಿನ ತಲೆ ಕೆಟ್ಟು ತೋಳು ಹಿಡ್ದು ಎಳ್ದೆ. ಪರ್ ಅಂತು. ನಾನೇ ಹೊಲಿದ ತೋಳು, ನಾನೇ ಹರಿದೆ. ಅವ್ಳು ಅಳ್ಲಿಲ್ಲ. ಹರಿದಿದ್ದನ್ನ ನೋಡಿದ್ಲು, ನನ್ ಮುಖ ನೋಡಿದ್ಲು. ಇನ್ನು ಎಳೆಯಲ್ಲ ಅಂತ ಅವತ್ತೇ ಅಂದ್ಕೊಂಡೆ. ಎಳೀದಿದ್ರೆ ಇನ್ನೇನು ಮಾಡ್ಬೇಕು ಅನ್ನೋದು ಮಾತ್ರ ಗೊತ್ತಿರ್ಲಿಲ್ಲ."

ಅದು ಗೊತ್ತಾದದ್ದು ಪರದೆಯ ಕೆಲಸದಿಂದ. ಎರಡು ಬೀದಿ ಆಚೆ, ಮುಚ್ಚಿಹೋದ ಮುದ್ರಣಾಲಯದ ಕಟ್ಟಡದಲ್ಲಿ ಪುಟ್ಟ ಹೈಸ್ಕೂಲೊಂದು ನಡೆಯುತ್ತಿತ್ತು. ಎತ್ತರದ ಕಿಟಕಿಗಳು, ಬಿಸಿಲಿಗೆ ಪರದೆ ಬೇಕಿತ್ತು. ಅಳತೆಗೆ ಹೋಗುವಾಗ ಟೇಪಿನ ಇನ್ನೊಂದು ತುದಿ ಹಿಡಿಯಲು ಅಕ್ಕ ಮಗಳನ್ನು ಕರೆದೊಯ್ದರು. ಮನೆಯಲ್ಲಿ ಗೋಡೆ ನೋಡುತ್ತ ಕೂರುವ ಬದಲು ಇದಾದರೂ ಆಗಲಿ ಎಂಬುದಷ್ಟೇ ಯೋಚನೆ.

ಅಲ್ಲಿ ಒಬ್ಬಳು ಕಿಟಕಿಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು. ಇಬ್ಬರು ನೆಲದ ಮೇಲೆ ದೊಡ್ಡ ನಕ್ಷೆ ಹರಡಿಕೊಂಡು ಜಗಳವಾಡುತ್ತಿದ್ದರು. ಒಬ್ಬ ಬೆಂಚಿನ ಮೇಲೆ ಗಾಢ ನಿದ್ದೆಯಲ್ಲಿದ್ದ. ಅಂಗಳದಲ್ಲಿ ಒಬ್ಬ ಹುಡುಗಿ ಸೈಕಲ್ಲನ್ನು ತಲೆಕೆಳಗು ಮಾಡಿ ಚೈನು ಬಿಚ್ಚುತ್ತಿದ್ದಳು. "ಇದೇನು ಸ್ಕೂಲಾ, ಇಲ್ಲಾ ರಜಾನಾ?" ಎಂದು ಅಕ್ಕ ಅಲ್ಲಿನ ಮುಖ್ಯಸ್ಥೆಯನ್ನು ಕೇಳಿಯೇಬಿಟ್ಟರು. ಮಕ್ಕಳು 'ಉದ್ದ ಟೀಚರ್' ಎಂದು ಕರೆಯುವ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದ ಹೆಂಗಸು ಅವರು. ಇಲ್ಲಿ ಯಾರು ಏನು ಕಲಿಯಬೇಕು ಎಂಬುದನ್ನು ಅವರವರೇ ಹೇಳುತ್ತಾರೆ, ಕೇಳಿದರೆ ನಾವು ಕಲಿಸುತ್ತೇವೆ, ಕೇಳದಿದ್ದರೆ ಕಾಯುತ್ತೇವೆ ಎಂದು ಅವರು ವಿವರಿಸಿದರು. ಅಕ್ಕನಿಗೆ ಅರ್ಧ ಅರ್ಥವಾಯಿತು.

ಕಿಟಕಿಗಳೆಲ್ಲ ಮುಗಿದವು. "ಬಾರೇ ಹೋಗೋಣ" ಎಂದರೆ ಮಗಳು ಅಲುಗಲಿಲ್ಲ. ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. "ಹಟ ಅಲ್ಲ. ಅವಳಿಗೆ ನಾನು ಕರೆದಿದ್ದೇ ಕೇಳಿಸಿರ್ಲಿಲ್ಲ. ಚಿಕ್ಕೋಳಿದ್ದಾಗ ಮಿಷನ್ ಕೆಳಗೆ ಕೂತು ಚಕ್ರ ನೋಡ್ತಿದ್ಳಲ್ಲ, ಹಾಗೇ ನೋಡ್ತಿದ್ಲು. ನಾನು ಮತ್ತೆ ಕರೀಲಿಲ್ಲ. ಅಳತೆ ತಗೊಂಡ ಕಿಟಕಿನೇ ಇನ್ನೊಂದ್ಸಲ ಅಳೀತಾ ನಿಂತೆ."

ಹೊರಡುವಾಗ ಉದ್ದ ಟೀಚರ್ ಹತ್ತಿರ ಹೋಗಿ ನನ್ನ ಮಗಳನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದರು. "ನೀವು ಕೇಳಿದ್ರೆ ಇಲ್ಲ" ಎಂದರು ಅವರು. "ಅವ್ಳು ಕೇಳ್ಬೇಕು. ಒಂದ್ ವಾರ ಬಂದು ಕೂತು ನೋಡ್ಲಿ. ಬೇಕು ಅನ್ಸಿದ್ರೆ ಅವಳೇ ಬಾಯ್ಬಿಟ್ಟು ಹೇಳ್ಲಿ. ಅಪ್ಪ ಅಮ್ಮ ಕೇಳಿದ್ರೆ ನಾವು ಲೆಕ್ಕಕ್ಕೆ ತಗೊಳ್ಳಲ್ಲ." ಬಾಯಿ ಬಿಡುವುದನ್ನೇ ಮರೆತ ಮಗಳನ್ನು ಕೈ ಹಿಡಿದುಕೊಂಡು ಅಕ್ಕ ಮನೆಗೆ ಬಂದರು.

ಮನೆಯಲ್ಲಿ ಅತ್ತೆ ಮೂಗು ಮುರಿದರು. "ಬೆಲ್ ಇಲ್ಲ, ಪಾಠ ಕೇಳಿದ್ರೆ ಮಾತ್ರ, ಪರೀಕ್ಷೆ ಬೇಕಾದ್ರೆ ಮಾತ್ರ. ನಮ್ ಕಾಲದಲ್ಲಿ ಇದಕ್ಕೆ ಸ್ಕೂಲ್ ಬಿಡೋದು ಅಂತಿದ್ರು." ಕಂಡಕ್ಟರು ಊಟ ಮುಗಿಸಿ ಕೈ ತೊಳೆದು, "ಬೋರ್ಡೇ ಇಲ್ಲದ ಬಸ್ಸು ಹತ್ತಿಸ್ತಿದ್ದೀಯ" ಎಂದರು. "ಬೋರ್ಡ್ ಇರೋ ಬಸ್ಸು ಅವ್ಳು ಹತ್ತುತ್ತಾ ಇಲ್ವಲ್ರೀ" ಎಂದರು ಅಕ್ಕ.

ಆ ಒಂದು ವಾರದಲ್ಲೇ ಅಕ್ಕ ತಮ್ಮ ಜೀವನದ ಅತಿ ದೊಡ್ಡ ಎಡವಟ್ಟು ಮಾಡಿದರು. ಅದನ್ನು ಹೇಳುವಾಗ ಇವತ್ತಿಗೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಯೂನಿಫಾರ್ಮ್ ಇಲ್ಲ ಎಂದು ಉದ್ದ ಟೀಚರ್ ಸ್ಪಷ್ಟವಾಗಿಯೇ ಹೇಳಿದ್ದರು. "ನಾನು ಏನಂದ್ಕೊಂಡೆ ಅಂದ್ರೆ, ಪಾಪ, ಸಣ್ ಸ್ಕೂಲು, ಹೊಲಿದು ಕೊಡೋರು ಯಾರೂ ಸಿಕ್ಕಿಲ್ಲ, ಅದಕ್ಕೇ ಇಲ್ಲ. ನಾನಿದ್ದೀನಲ್ಲ!" ಎರಡು ಬೆಳಗಿನಲ್ಲಿ ಒಂದು ಯೂನಿಫಾರ್ಮ್ ತಯಾರಾಯಿತು. ಕಂದು ಸ್ಕರ್ಟು, ತಿಳಿಹಳದಿ ಅಂಗಿ. ಶಾಲೆಗೆ ಲಾಂಛನವಿರಲಿಲ್ಲ, ಆದ್ದರಿಂದ ತಾವು ಅಳತೆ ತೆಗೆದ ಕಿಟಕಿಯನ್ನೇ ಪರದೆ ಸಮೇತ ಜೇಬಿನ ಮೇಲೆ ಕಸೂತಿ ಹಾಕಿದರು. ಮಗಳಿಗೆ ವಾದ ಮಾಡುವ ತ್ರಾಣವಿರಲಿಲ್ಲ. ಹಾಕಿಕೊಂಡು ಹೋದಳು. ಬಣ್ಣಬಣ್ಣದ ಬಟ್ಟೆಯ ಇಪ್ಪತ್ತು ಚಿಲ್ಲರೆ ಮಕ್ಕಳ ನಡುವೆ ಇವಳೊಬ್ಬಳೇ ಯೂನಿಫಾರ್ಮಿನಲ್ಲಿ.

ಆ ಶಾಲೆಯಲ್ಲಿ ದಿನಾ ಬೆಳಗ್ಗೆ ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತಾರೆ. ಇವತ್ತು ನಾನು ಇಂಥದ್ದು ಮಾಡುತ್ತೇನೆ ಎಂದು ಒಬ್ಬೊಬ್ಬರೂ ಹೇಳಬೇಕು, ಟೀಚರ್ ಕೂಡ. ಜಗಳಗಳೂ ನಿಯಮಗಳೂ ಅಲ್ಲೇ ತೀರ್ಮಾನವಾಗುತ್ತವೆ. ಅಂದು ಮೊದಲ ವಿಷಯವೇ ಇದು: ಯೂನಿಫಾರ್ಮ್ ಇಲ್ಲದ ಶಾಲೆಗೆ ಯೂನಿಫಾರ್ಮ್ ಹಾಕಿಕೊಂಡು ಬರಬಹುದೇ? ವಾದ ಜೋರಾಗಿ ನಡೆಯಿತು. ಕೊನೆಗೆ ಸೈಕಲ್ ಹುಡುಗಿ ಎದ್ದು, "ಒಬ್ಬಳೇ ಹಾಕ್ಕೊಂಡ್ರೆ ಅದು ಯೂನಿಫಾರ್ಮ್ ಹೇಗಾಗುತ್ತೆ? ಬರೀ ಬಟ್ಟೆ" ಎಂದಳು. ಕೈ ಎತ್ತಿಸಿದರು. ಬಟ್ಟೆ ಗೆದ್ದಿತು.

ಅಂದು ಸಂಜೆ ಪಿಟೀಲು ಮನೆಗೆ ಬಂದು, ತಿಂಗಳುಗಳ ನಂತರ ಪೂರ್ತಿ ಒಂದು ವಾಕ್ಯ ಹೇಳಿದಳು. "ಅಮ್ಮ, ನನ್ ಬಟ್ಟೆ ಬಗ್ಗೆ ಮೀಟಿಂಗ್ ಮಾಡಿದ್ರು." ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಯಾರೂ ನಗ್ಲಿಲ್ಲ" ಎಂದು ಹುಡುಗಿ ಸೇರಿಸಿದಳು. ವಾರದ ಕೊನೆಗೆ ಉದ್ದ ಟೀಚರ್ ಫೋನು ಮಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು 'ಸೋಮವಾರಾನೂ ಬರ್ತೀನಿ' ಅಂದಳು, ನಮಗೆ ಅಷ್ಟು ಸಾಕು ಎಂದರು.

ಇಲ್ಲಿಗೆ ಕಥೆ ಸುಖಾಂತ ಎಂದು ನಾನು ಪೆನ್ನು ಮುಚ್ಚಲು ಹೋದೆ. "ಅಯ್ಯೋ, ಕಷ್ಟ ಶುರುವಾಗಿದ್ದೇ ಆಮೇಲೆ" ಎಂದರು ಅಕ್ಕ. ಆ ಬೆಳಗಿನ ಸುತ್ತಿನಲ್ಲಿ 'ಏನೂ ಇಲ್ಲ' ಎನ್ನುವುದೂ ಒಪ್ಪಿತ ಉತ್ತರವೇ. ಮಗಳು ಅದನ್ನೇ ಹಿಡಿದುಕೊಂಡಳು. ಇವತ್ತೇನು ಮಾಡ್ತೀಯ? ಏನೂ ಇಲ್ಲ. ಸಂಜೆ ಮನೆಯಲ್ಲಿ ಇವತ್ತೇನು ಕಲಿತೆ ಎಂದರೂ ಏನೂ ಇಲ್ಲ. ಒಂದು ವಾರವಾಯಿತು, ತಿಂಗಳಾಯಿತು, ಎರಡಾಯಿತು. ಹೊಟ್ಟೆ ನೋವು ಹೋಗಿತ್ತು ನಿಜ, ಆದರೆ ಪುಸ್ತಕ ಮುಟ್ಟಿರಲಿಲ್ಲ. ಉದ್ದ ಟೀಚರನ್ನು ಕೇಳಿದರೆ, "ಸುಸ್ತಾಗಿದ್ದಾಳೆ, ಸುಧಾರಿಸ್ಕೊಳ್ಳಲಿ" ಎಂದರು. ಅತ್ತೆ ಮಾತ್ರ ದಿನಾ ಗುಂಡಿ ಹಚ್ಚುತ್ತ ನಿಟ್ಟುಸಿರು ಬಿಡುತ್ತಿದ್ದರು.

ಅಕ್ಕನ ಧೈರ್ಯ ಕರಗಿತು. ಒಂದು ದಿನ ಯೂನಿಫಾರ್ಮ್ ಗಂಟು ಒಪ್ಪಿಸಲು ದೊಡ್ಡ ಶಾಲೆಗೆ ಹೋದವರು ಆಫೀಸಿನ ಕಿಟಕಿಯಲ್ಲಿ ನಿಂತು ಮೆಲ್ಲಗೆ ವಿಚಾರಿಸಿದರು. ಅಲ್ಲಿನ ಗುಮಾಸ್ತರು ಒಳ್ಳೆಯವರೇ. "ಹೆಸರು ಇನ್ನೂ ತೆಗೆದಿಲ್ಲಮ್ಮ. ಈ ತಿಂಗಳು ಮುಗಿಯೋದ್ರೊಳಗೆ ಕರ್ಕೊಂಡ್ಬನ್ನಿ. ಆಮೇಲೆ ಸೀಟು ಬೇರೆಯವ್ರಿಗೆ ಹೋಗುತ್ತೆ" ಎಂದರು. ಆ ಮಾತು ಅಕ್ಕನ ತಲೆಯಲ್ಲಿ ಗುಂಯ್‌ಗುಡತೊಡಗಿತು. ವಾಪಸ್ಸು ಕಳಿಸಿದರೆ ಮತ್ತೆ ಮೆಟ್ಟಿಲು. ಕಳಿಸದಿದ್ದರೆ, ಮಗಳ ಬಾಳನ್ನು ನಾನೇ ಕೈಯಾರೆ ಹಾಳು ಮಾಡಿದೆನೇ ಎಂಬ ಭಯ.

ಅದೇ ತಿಂಗಳು ಒಂದು ಮಧ್ಯಾಹ್ನ ಬಟ್ಟೆ ಅಂಗಡಿಯಿಂದ ಬಂದು ನೋಡಿದರೆ, ಊಟದ ಮೇಜಿನ ಮೇಲೆ ಆ ಕಂದು ಸ್ಕರ್ಟು, ಹಳದಿ ಅಂಗಿ ತುಂಡು ತುಂಡಾಗಿ ಬಿದ್ದಿದ್ದವು. ತೋಳು ಒಂದು ಕಡೆ, ಕಾಲರು ಒಂದು ಕಡೆ, ಕಿಟಕಿಯ ಜೇಬು ಇನ್ನೊಂದು ಕಡೆ. "ನನ್ ಮೇಲಿನ ಸಿಟ್ಟಿಗೆ ಹರಿದು ಹಾಕಿದ್ಲು ಅಂದ್ಕೊಂಡೆ. ಹತ್ರ ಹೋಗಿ ನೋಡ್ತೀನಿ, ಒಂದೆಳೆ ಹರಿದಿಲ್ಲ. ಬ್ಲೇಡ್ ತಗೊಂಡು ಒಂದೊಂದೇ ಹೊಲಿಗೆ ಬಿಚ್ಚಿದಾಳೆ. ಬಿಚ್ಚಿದ ದಾರ ಎಲ್ಲಾ ಡಬ್ಬಿ ಮುಚ್ಚಳದಲ್ಲಿ ಗುಡ್ಡೆ ಹಾಕಿದಾಳೆ."

ತುಂಡುಗಳು ಮೇಜಿನ ಮೇಲೆಯೇ ಉಳಿದವು. ದಿನಾ ಸಂಜೆ ಹುಡುಗಿ ಬಂದು ಅವುಗಳನ್ನು ತಿರುವಿ ಹಾಕುತ್ತಿದ್ದಳು, ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದಳು. ಮನೆಯವರು ತಟ್ಟೆ ಕೈಯಲ್ಲಿ ಹಿಡಿದು ಊಟ ಮಾಡಿದರು. "ಇದೇನು ಅವತಾರ, ಹೊಲಿದು ಎತ್ತಿಡು" ಎಂದು ಅತ್ತೆ ಗೊಣಗಿದರು. ಪರರ ಕಾಲರಿನ ದಾರವನ್ನೇ ಬಿಡದ ಅಕ್ಕನಿಗೆ ಆ ಮೇಜಿನ ಪಕ್ಕ ಓಡಾಡುವುದು ಎಂಥ ಶಿಕ್ಷೆಯಾಗಿದ್ದಿರಬೇಕು ಎಂದು ನನಗೆ ನನ್ನ ತೋಳು ನೋಡಿಕೊಂಡಾಗ ಅರ್ಥವಾಯಿತು.

"ಎರಡು ಸಲ ಸೂಜಿ ತಗೊಂಡು ಕೂತೆ. ಅರ್ಧ ಗಂಟೆ ಕೆಲ್ಸ, ಮೊದಲಿನ ಹಾಗೆ ಮಾಡಿಟ್ಬಿಡ್ತಿದ್ದೆ. ತೋಳು ಕೈಗೆತ್ಕೊಂಡಾಗ ಅವತ್ತು ಎಳೆದಿದ್ದು ನೆನಪಾಯ್ತು. ಇಟ್ಬಿಟ್ಟೆ."

ಮುಂದಿನದನ್ನು ಹೇಳುವಾಗ ಅಕ್ಕ ಮಿಷನ್ ನಿಲ್ಲಿಸುತ್ತಾರೆ. ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಸಂಜೆ ಅವರು ಹೀಗೆಯೇ ಕಾಲರು ಹೊಲಿಯುತ್ತಿದ್ದಾಗ ಮೇಜಿನ ಕಡೆಯಿಂದ ದನಿ ಬಂತು.

"ಅಮ್ಮ, ಇಷ್ಟೊಂದು ಬಟ್ಟೆ ಒಳಗೆ ಯಾಕೆ ಬಚ್ಚಿಟ್ಟಿದ್ದೀಯ?"

"ನಂಗೆ ತಿರುಗಿ ನೋಡಕ್ಕೇ ಭಯ. ಎಲ್ಲಿ ಮತ್ತೆ ಸುಮ್ನಾಗ್ಬಿಡ್ತಾಳೋ ಅಂತ. ಹೊಲೀತಾನೇ ಹೇಳ್ದೆ, ನೀನು ಬೆಳೀತೀಯಲ್ಲ, ಅದಕ್ಕೆ ಅಂತ. ಎಷ್ಟು ಬೆಳೀತೀನಿ ಅಂತ ನಿಂಗೆ ಹೇಗೆ ಗೊತ್ತು ಅಂದ್ಲು. ಗೊತ್ತಿಲ್ಲ ಕಣೇ, ಅದಕ್ಕೇ ಜಾಸ್ತಿ ಬಿಟ್ಟಿರ್ತೀನಿ ಅಂದೆ. ಆಮೇಲೆ ಶುರುವಾಯ್ತು ನೋಡಿ. ಕಾಲರ್ ಯಾಕೆ ಎರಡು ಪದರ, ತೋಳು ಬಿಚ್ಚಿದ್ರೆ ಯಾಕೆ ಗುಡ್ಡದ ಆಕಾರ, ಓರೆ ಎಳೆದ್ರೆ ಮಾತ್ರ ಬಟ್ಟೆ ಯಾಕೆ ಹಿಗ್ಗುತ್ತೆ. ನಮ್ಮತ್ತೆ ಗುಂಡಿ ಕೆಳಗಿಟ್ಟು 'ಬಂತಮ್ಮ ಪಿಟೀಲು' ಅಂದ್ರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ಬಿಟ್ಟೆ. ದುಃಖಕ್ಕಲ್ಲ. ಹೋಗಿದ್ ಜೀವ ಬಂದಂಗಾಯ್ತು."

ತಿಂಗಳ ಕೊನೆಯ ದಿನ ಅಕ್ಕ ದೊಡ್ಡ ಶಾಲೆಯ ಕಡೆಗೆ ಹೋಗಲಿಲ್ಲ. ಮಗಳನ್ನು ಬಿಡಿಸಿಕೊಂಡರೆ ಹೊಲಿಗೆಯ ಕೆಲಸವೂ ಕೈತಪ್ಪಬಹುದು ಎಂಬ ಅಳುಕಿತ್ತು. ಹಾಗೇನೂ ಆಗಲಿಲ್ಲ. "ಆ ಸ್ಕೂಲಿನ ಮೇಲೆ ನಂಗೆ ಸಿಟ್ಟಿಲ್ಲ. ಅಲ್ಲಿ ಚೆನ್ನಾಗಿರೋ ಮಕ್ಕಳು ಬೇಕಾದಷ್ಟು. ನನ್ ಮಗಳಿಗೆ ಆ ಅಳತೆ ಆಗ್ಲಿಲ್ಲ, ಅಷ್ಟೆ" ಎನ್ನುತ್ತಾರೆ.

ಹೊಸ ಶಾಲೆಯ ಬೆಳಗಿನ ಸುತ್ತಿನಲ್ಲಿ ಅವಳು 'ಏನೂ ಇಲ್ಲ' ಎನ್ನುವುದನ್ನು ಬಿಟ್ಟು 'ತೋಳು' ಎಂದಳಂತೆ. ತೋಳಿನಿಂದ ವೃತ್ತಕ್ಕೆ, ವೃತ್ತದಿಂದ ರೇಖಾಗಣಿತಕ್ಕೆ ದಾರಿ ಹೇಗಾಯಿತು ಎಂಬುದು ಅಕ್ಕನಿಗೆ ತಿಳಿಯದು. ಗಣಿತ ಕಲಿಸುವ ಮೇಷ್ಟ್ರ ಬೆನ್ನು ಬಿದ್ದಿದ್ದಾಳೆ ಎಂಬುದಷ್ಟು ಗೊತ್ತು. ಆ ತುಂಡುಗಳಿಂದ ಅವಳು ಮಾಡಿದ ಮೊದಲ ಜಾಕೆಟ್ಟಿನಲ್ಲಿ ಒಂದು ತೋಳು ಗಿಡ್ಡ. ಅದನ್ನು ಗೋಡೆಗೆ ತೂಗುಹಾಕಿದ್ದಾರೆ, ಅಂಚಿನಲ್ಲಿ ದಾರ ಇನ್ನೂ ಜೋತಾಡುತ್ತಿದೆ. ಈಗ ಅವಳಿಗೆ ಹದಿನಾರು. ಮುಂದಿನ ವರ್ಷ ಹೈಸ್ಕೂಲು ಪರೀಕ್ಷೆಗೆ ಕೂರುತ್ತೇನೆ ಎಂದು ತಾನೇ ಹೇಳಿದ್ದಾಳೆ. ವಿಜ್ಞಾನದ ಪುಸ್ತಕ ಮಾತ್ರ ಇನ್ನೂ ಹೊಸದರ ಹಾಗಿದೆ. ಪಾಸಾಗುತ್ತಾಳಾ ಎಂದು ಕೇಳಿದೆ. "ಆಗ್ಬೋದು, ಆಗ್ದೇನೂ ಇರ್ಬೋದು. ಬೆಳಗ್ಗೆ ಎದ್ದು ಹೊಟ್ಟೆ ನೋವು ಅನ್ನಲ್ಲ. ನಂಗೆ ನಿದ್ದೆ ಬರುತ್ತೆ" ಎಂದರು.

ಹೊರಗೆ ಬೆಳಕಾಗಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಕ್ಕ ತಮ್ಮ ರವಿಕೆಯನ್ನು ತೋರಿಸುತ್ತಾರೆ, ಮಿಕ್ಕ ಬೂದು ಬಟ್ಟೆಯದು. ಊರಿನ ಅಳತೆಯನ್ನೆಲ್ಲ ತೆಗೆದ ಇವರ ಅಳತೆಯನ್ನು ಯಾರೂ ತೆಗೆದಿಲ್ಲವಂತೆ. "ಯಾವತ್ತಾದ್ರೂ ಒಂದಿನ ಬೇರೆಯವ್ರು ಹೊಲಿದಿದ್ದು ಹಾಕ್ಕೋಬೇಕು ಅಂತ..." ಎನ್ನುವಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯುತ್ತದೆ. ನಿದ್ದೆಗಣ್ಣು, ಕೆದರಿದ ಕೂದಲು, ಕೊರಳಲ್ಲಿ ಟೇಪು. ನನಗೆ ಒಂದು ನಗು ಕೊಟ್ಟು ಪಿಟೀಲು ಅಮ್ಮನ ಹಿಂದೆ ಬಂದು ನಿಲ್ಲುತ್ತಾಳೆ. ಕೇಳಿಸಿಕೊಂಡಿದ್ದಾಳೆ ಎಂದು ಕಾಣುತ್ತದೆ.

"ಏಳು. ನೆಟ್ಟಗೆ ನಿಂತ್ಕೋ."

"ಇವತ್ತು ಕೆಲ್ಸ ಇದೆ ಕಣೇ."

"ದಿನಾ ಇರುತ್ತೆ. ಕೈ ಎತ್ತು."

ಅಕ್ಕ ಏಳುತ್ತಾರೆ. ಬೆನ್ನು ನೋವಿಗೆ ಒಮ್ಮೆ ಮುಖ ಕಿವುಚಿ, ಆಮೇಲೆ ಚಿಕ್ಕ ಮಗುವಿನ ಹಾಗೆ ಎರಡೂ ಕೈ ಎತ್ತಿ ನಿಲ್ಲುತ್ತಾರೆ. ಟೇಪು ಭುಜದಿಂದ ಭುಜಕ್ಕೆ, ತೋಳಿನುದ್ದಕ್ಕೆ, ಸೊಂಟದ ಸುತ್ತ ನಿಧಾನವಾಗಿ ಹರಿಯುತ್ತದೆ. ಹುಡುಗಿಗೆ ಅವಸರವಿಲ್ಲ. ಒಂದು ಕಡೆ ಎರಡೆರಡು ಸಲ ಅಳೆಯುತ್ತಾಳೆ.

"ಅಮ್ಮ, ಒಳಗೆ ಎಷ್ಟು ಬಿಡ್ಲಿ?"

"ಏನೂ ಬೇಡ, ಬಟ್ಟೆ ದಂಡ. ಈ ವಯಸ್ಸಲ್ಲಿ ನಾನೇನು ಬೆಳೀತೀನಾ?"

ಪಿಟೀಲು ಟೇಪನ್ನು ಅಮ್ಮನ ಬೆನ್ನ ಮೇಲಿಟ್ಟು ಒಂದು ಗಳಿಗೆ ಯೋಚಿಸುತ್ತಾಳೆ.

"ಯಾರಿಗ್ಗೊತ್ತು. ಬಿಟ್ಟಿರ್ತೀನಿ."